ಹಳೇ ಬೈಕು ಗ್ಯಾರೇಜಿನಲ್ಲೇ ಉಳಿದುಬಿಟ್ಟಿದೆ, ಏನು ಮಾಡಲಿ?

ಪ್ರಶ್ನೆ: ನನ್ನ ಬೈಕಿಗೆ ಇಪ್ಪತ್ತೆಂಟು ವರ್ಷ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್, ಕಾರ್ಬ್ಯುರೇಟರ್ ಇರುವುದು. ಅಪ್ಪ ಓಡಿಸುತ್ತಿದ್ದ ಗಾಡಿ. ನೀಲಿ ಹೊಗೆ ಬರುತ್ತಿದೆ ಎಂದು ಗ್ಯಾರೇಜಿಗೆ ಬಿಟ್ಟು ಹನ್ನೊಂದು ವಾರ ಆಯಿತು. 'ಹತ್ತು ದಿನ ಸಾಕು' ಅಂದಿದ್ದರು. ಎಂಜಿನ್ ಬಿಚ್ಚಿದ ಮೇಲೆ ಒಮ್ಮೆ ಫೋನ್ ಮಾಡಿ ಬೋರ್ ಮಾಡಿಸಬೇಕಾಗಬಹುದು ಎಂದರು. 'ನೀವೇ ನೋಡಿ ಮಾಡಿ' ಎಂದೆ. ಆಮೇಲೆ ಪಾರ್ಟ್ಸ್ ಸಿಗುತ್ತಿಲ್ಲ ಎಂದರು. ಈಗ ಫೋನ್ ಎತ್ತುವುದೇ ಅಪರೂಪ. ಅಡ್ವಾನ್ಸ್ ಬೇರೆ ಕೊಟ್ಟಿದ್ದೇನೆ. ಗಾಡಿ ವಾಪಸ್ ತಂದು ಬೇರೆಯವರಿಗೆ ಕೊಡಲೇ? ಇಲ್ಲ, ಇನ್ನೂ ಕಾಯಲೇ? ಹೀಗೇ ನಿಂತರೆ ಗಾಡಿ ಹಾಳಾಗುವುದಿಲ್ಲವೇ?

ಉತ್ತರ: ಹನ್ನೊಂದು ವಾರ ಕಡಿಮೆ ಕಾಲವಲ್ಲ. ನಿಮಗೆ ಬೇಜಾರಾಗಿರುವುದು ಸರಿಯೇ. ಅದರಲ್ಲೂ ಅಪ್ಪನ ಗಾಡಿ ಬಿಚ್ಚಿದ ಸ್ಥಿತಿಯಲ್ಲಿ ಬೇರೆಯವರ ಮೂಲೆಯಲ್ಲಿ ಬಿದ್ದಿದೆ ಅಂದರೆ ಸಂಕಟ ಆಗುತ್ತದೆ. ಆದರೆ ವಾಪಸ್ ತರುವ ತೀರ್ಮಾನಕ್ಕೆ ಮೊದಲು ಒಂದು ಸಲ ನೀವೇ ಗ್ಯಾರೇಜಿಗೆ ಹೋಗಿ. ಹೋದಾಗ 'ಯಾವಾಗ ಆಗುತ್ತೆ' ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಯಾವ ಮೆಕ್ಯಾನಿಕ್ ಆದರೂ ಒಂದು ದಿನ ಹೇಳಿ ಮಾತು ಮುಗಿಸುತ್ತಾರೆ. ಸುಳ್ಳು ಹೇಳಬೇಕು ಅಂತಲೇ ಹೇಳುವುದಲ್ಲ, ಆ ಹೊತ್ತಿಗೆ ಅವರಿಗೂ ಆಗಿಹೋಗುತ್ತೆ ಅನ್ನಿಸಿರುತ್ತದೆ. ನೀವು ಕೇಳಬೇಕಾದ್ದು ಇದು: 'ಅಣ್ಣಾ, ಇವತ್ತು ಈ ಗಾಡಿ ಯಾವುದಕ್ಕೆ ಕಾಯ್ತಾ ಇದೆ?'

ಇದಕ್ಕೆ ಬರುವ ಉತ್ತರದಲ್ಲೇ ನಿಮ್ಮ ಮುಂದಿನ ದಾರಿ ಇದೆ. ಪಾರ್ಟ್ಸಿಗೆ ಕಾಯುತ್ತಿದ್ದರೆ ಒಂದು ಪರಿಹಾರ, ಬೋರಿಂಗ್ ಮಾಡುವವರ ಹತ್ತಿರ ನಿಂತಿದ್ದರೆ ಇನ್ನೊಂದು. ನಿಮ್ಮ ಒಪ್ಪಿಗೆಗೇ ಕಾಯುತ್ತಿದ್ದರೆ ಅದನ್ನು ಆ ಕ್ಷಣದಲ್ಲೇ ಬಗೆಹರಿಸಬಹುದು.

ನಿಮ್ಮ ಪತ್ರ ಓದಿದಾಗ ನನಗೆ ಅನುಮಾನ ಬಂದದ್ದು ಈ ಕೊನೆಯದರ ಮೇಲೆಯೇ. 'ನೀವೇ ನೋಡಿ ಮಾಡಿ ಎಂದೆ' ಅಂತ ಬರೆದು ಮುಂದಕ್ಕೆ ಹೋಗಿದ್ದೀರಿ. ನಿಮ್ಮ ಲೆಕ್ಕದಲ್ಲಿ ಅದು ನಂಬಿಕೆಯ ಮಾತು. ಕೇಳಿಸಿಕೊಂಡವರಿಗೆ ಅದು ಒಪ್ಪಿಗೆಯಲ್ಲ. ಬೋರ್ ಮಾಡಿಸುವುದೆಂದರೆ ಬ್ಲಾಕಿನ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಸಿಲಿಂಡರಿನ, ಒಳಗೋಡೆಯನ್ನು ಕೆರೆದು ದೊಡ್ಡದು ಮಾಡುವುದು. ಕೆರೆದದ್ದನ್ನು ಮತ್ತೆ ಅಂಟಿಸಲಾಗದು. ಮೊದಲು ಹೇಳಿದ್ದಕ್ಕಿಂತ ಬಿಲ್ ಜಾಸ್ತಿ ಬರುತ್ತದೆ. 'ಇಷ್ಟೊಂದು ಯಾಕೆ ಮಾಡಿದಿರಿ' ಅಂತ ನಾಳೆ ನೀವು ಕೇಳಿದರೆ ಏನು ಹೇಳುವುದು ಎಂಬ ಹೆದರಿಕೆ ಅವರಿಗೆ ಇದ್ದೇ ಇರುತ್ತದೆ. ಹಾಗಾಗಿ ಗಾಡಿಯನ್ನು ಪಕ್ಕಕ್ಕೆ ತಳ್ಳಿ, ಒಪ್ಪಿಗೆ ಸಿಕ್ಕಿರುವ ಬೇರೆ ಕೆಲಸ ಹಿಡಿಯುತ್ತಾರೆ. ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವನಾಗಿ ಹೇಳುತ್ತೇನೆ, ಹಳೇ ಗಾಡಿಗಳು ತಿಂಗಳುಗಟ್ಟಲೆ ನಿಲ್ಲುವುದಕ್ಕೆ ಪಾರ್ಟಿನ ಕೊರತೆ ಎಷ್ಟು ಕಾರಣವೋ, ಯಾರೂ ತೆಗೆದುಕೊಳ್ಳದ ಇಂಥ ಒಂದು ತೀರ್ಮಾನವೂ ಅಷ್ಟೇ ಕಾರಣ.

ಬೋರ್ ಕೆಲಸಕ್ಕೆ ಯಾಕಿಷ್ಟು ಹೊತ್ತು ಅಂತ ನಿಮಗೆ ತಿಳಿದಿರಬೇಕು. ಬ್ಲಾಕ್ ಸವೆದಿದ್ದರೆ ಅದಕ್ಕೆ ಓವರ್‌ಸೈಜ್, ಅಂದರೆ ಮೂಲ ಅಳತೆಗಿಂತ ಸ್ವಲ್ಪ ದೊಡ್ಡ ಪಿಸ್ಟನ್ ಹಾಕುತ್ತಾರೆ. ಇವು ಸಾಮಾನ್ಯವಾಗಿ 0.25, 0.50, 0.75, 1.00 ಮಿ.ಮೀ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ. ಎಲ್ಲ ಗಾಡಿಗೂ ಎಲ್ಲ ಸೈಜೂ ಸಿಗುವುದಿಲ್ಲ. ಮೊದಲು ಬ್ಲಾಕ್ ಅಳೆಯಬೇಕು. ಯಾವ ಸೈಜಿಗೆ ಕೆರೆದರೆ ಸವೆತವೆಲ್ಲ ಹೋಗುತ್ತದೆ ಎಂದು ನೋಡಬೇಕು. ಆ ಸೈಜಿನ ಪಿಸ್ಟನ್ ತರಿಸಬೇಕು. ಪಿಸ್ಟನ್ ಕೈಗೆ ಬಂದ ಮೇಲೆಯೇ ಅದನ್ನು ಮೈಕ್ರೋಮೀಟರಿನಲ್ಲಿ ಅಳೆದು, ಅದಕ್ಕೆ ತಕ್ಕ ಹಾಗೆ ಬ್ಲಾಕ್ ಬೋರ್ ಮಾಡಬೇಕು. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಜಾಗ ತಲೆಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಜಾಸ್ತಿ ಬಿಟ್ಟರೆ ಟಕಟಕ ಸದ್ದು, ಮತ್ತೆ ಹೊಗೆ. ಕಡಿಮೆ ಬಿಟ್ಟರೆ ಬಿಸಿಯಾದಾಗ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆದ್ದರಿಂದ ಪಿಸ್ಟನ್ ಬರುವ ಮುಂಚೆ ಬೋರ್ ಮಾಡಿಡಿ ಅನ್ನುವ ಹಾಗಿಲ್ಲ.

ಅಂದರೆ ಇಲ್ಲಿ ಎರಡು ಸರದಿ. ಮೊದಲು ಪಿಸ್ಟನ್ನಿಗೆ, ಅದು ಬಂದ ಮೇಲೆ ಬೋರಿಂಗ್ ಮಾಡುವವರ ಹತ್ತಿರ. ಅವರು ನಿಮ್ಮ ಗ್ಯಾರೇಜಿನವರ ಕೈಕೆಳಗೆ ಇರುವವರಲ್ಲ, ಅವರಿಗೆ ಇನ್ನೆಷ್ಟೋ ಗ್ಯಾರೇಜುಗಳ ಕೆಲಸ ಇರುತ್ತದೆ. ಮೆಕ್ಯಾನಿಕ್ ಹೇಳಿದ 'ಹತ್ತು ದಿನ' ತಮ್ಮ ಕೈಕೆಲಸದ ಲೆಕ್ಕ. ಈ ಸರದಿಗಳನ್ನು ಅದರಲ್ಲಿ ಸೇರಿಸಿರುವುದಿಲ್ಲ.

ನಿಜವಾಗಿ ಬೋರ್ ಬೇಕಾ ಎಂದೂ ಕೇಳಿಕೊಳ್ಳಿ. ನೀಲಿ ಹೊಗೆ ಅಂದರೆ ಒಳಗೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು, ಆದರೆ ಎಲ್ಲ ನೀಲಿ ಹೊಗೆಗೂ ಬೋರ್ ಬೇಕಿಲ್ಲ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ ಎಂದು ಹೊಗೆ ಬಿಟ್ಟು ಆಮೇಲೆ ನಿಂತರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಕೊಟ್ಟಾಗ ಮಾತ್ರ ಬಂದರೆ, ಹೆಚ್ಚಾಗಿ ಅದು ವಾಲ್ವಿನ ಪಕ್ಕದಿಂದ ಎಣ್ಣೆ ಒಳಗಿಳಿಯದಂತೆ ತಡೆಯುವ ವಾಲ್ವ್ ಸೀಲಿನ ತೊಂದರೆ. ಆಕ್ಸಿಲರೇಟರ್ ಕೊಟ್ಟು ಎಳೆಯುವಾಗಲೆಲ್ಲ ಬರುತ್ತಿದ್ದರೆ ಪಿಸ್ಟನ್ನಿನ ಸುತ್ತ ಇರುವ ರಿಂಗು, ಇಲ್ಲವೇ ಬ್ಲಾಕು ಸವೆದಿದೆ ಎಂದು. ನಿಮಗೆ ಹೊಗೆ ಯಾವಾಗ ಬರುತ್ತಿತ್ತು ಎಂದು ನೆನಪು ಮಾಡಿಕೊಂಡು ಅವರಿಗೆ ಹೇಳಿ. ಆಮೇಲೆ 'ಬ್ಲಾಕ್ ಅಳತೆ ಎಷ್ಟು ಬಂತು?' ಎಂದು ಕೇಳಿ. ಸರಿಯಾಗಿ ಅಳೆದವರು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡು ದಿಕ್ಕಿಗೆ, ಒಟ್ಟು ಆರು ಅಳತೆ ತೆಗೆದಿರುತ್ತಾರೆ. ಗಾಡಿಯ ಸರ್ವಿಸ್ ಮ್ಯಾನುಯಲ್ಲಿನಲ್ಲಿ ಎಷ್ಟರವರೆಗೆ ಸವೆದರೆ ನಡೆಯುತ್ತದೆ ಎಂದು ಬರೆದಿರುತ್ತದೆ. ಅದಕ್ಕೆ ಹೋಲಿಸಿದರೆ ಆಯಿತು. ಅಳತೆಯೇ ಆಗಿಲ್ಲ ಅಂದರೆ, ನಿಮ್ಮ ಹನ್ನೊಂದು ವಾರದಲ್ಲಿ ಕೆಲಸ ಇನ್ನೂ ಶುರುವೇ ಆಗಿಲ್ಲ ಎಂದು ತಿಳಿಯಿರಿ. ಬೇಸರದ ವಿಷಯವೇ, ಆದರೆ ತಿಳಿದರೆ ಒಳ್ಳೆಯದು.

ಈಗ 'ಪಾರ್ಟ್ಸ್ ಸಿಗುತ್ತಿಲ್ಲ' ಅನ್ನುವ ಮಾತು. ಯಾವ ಪಾರ್ಟ್ ಎಂದು ಹೆಸರು ಹೇಳಿಸಿ, ಸಾಧ್ಯವಾದರೆ ನಂಬರ್ ಬರೆಸಿಕೊಳ್ಳಿ. ಸುಮ್ನೆ 'ಪಾರ್ಟ್ಸ್' ಅಂದರೆ ಹುಡುಕುವುದಕ್ಕೆ ಆಗುವುದಿಲ್ಲ. ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಕಂಪನಿಗಳು ಒಂದು ಪಾರ್ಟಿನ ಹಳೇ ನಂಬರ್ ನಿಲ್ಲಿಸಿ ಹೊಸ ನಂಬರ್ ಕೊಟ್ಟಿರುವುದುಂಟು. ಹಳೇ ನಂಬರಿನಲ್ಲಿ ಕೇಳಿದರೆ 'ಇಲ್ಲ' ಅನ್ನುತ್ತಾರೆ, ಹೊಸದರಲ್ಲಿ ಅದೇ ಮಾಲು ಇರುತ್ತದೆ. ಒಂದೇ ಮಾಡೆಲ್ಲಿನಲ್ಲಿ ವರ್ಷದ ನಡುವೆ ಬದಲಾವಣೆ ಆಗಿರುವುದೂ ಇದೆ, ಆದ್ದರಿಂದ ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ನಿಮ್ಮ ಹತ್ತಿರ ಇರಲಿ.

ಬೇರಿಂಗ್, ಆಯಿಲ್ ಸೀಲ್ ಸಿಗುತ್ತಿಲ್ಲ ಅಂದರೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಕೇಳಿ. ಬೈಕಿನ ಬಹುಪಾಲು ಬೇರಿಂಗುಗಳು ಜಗತ್ತಿನಲ್ಲೆಲ್ಲ ಒಂದೇ ಅಳತೆಯವು. ಬೇರಿಂಗಿನ ಅಂಚಿನಲ್ಲಿ 6203 ಎಂದು ಕೊರೆದಿದ್ದರೆ ಒಳಗಿನ ತೂತು 17 ಮಿ.ಮೀ, ಹೊರಗೆ 40, ದಪ್ಪ 12. 6204 ಆದರೆ 20, 47, 14. ಬೈಕಿನ ಹೆಸರೇ ಹೇಳದೆ ಬೇರಿಂಗ್ ಅಂಗಡಿಯಲ್ಲಿ ಈ ನಂಬರ್ ಕೊಟ್ಟು ತರಬಹುದು. ನಂಬರಿನ ಪಕ್ಕ ಸಿ3 ಎಂದಿದ್ದರೆ ಅದನ್ನೂ ಹೇಳಿ, ಬಿಸಿಯಾಗಿ ಹಿಗ್ಗುವ ಜಾಗಕ್ಕೆಂದು ಒಳಗೆ ಸ್ವಲ್ಪ ಸಡಿಲ ಬಿಟ್ಟ ಬೇರಿಂಗ್ ಅದು. ಆಯಿಲ್ ಸೀಲಿನ ಮೈಮೇಲೂ ಸಾಮಾನ್ಯವಾಗಿ ಮೂರು ಸಂಖ್ಯೆ ಇರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ. ಓ ರಿಂಗುಗಳೂ ಅಳತೆಯಲ್ಲೇ ಸಿಗುತ್ತವೆ. ಕೇಬಲ್ ಮಾಡಿಸಬಹುದು. ಬ್ಲಾಕಿನ ಕೆಳಗೆ ಎಣ್ಣೆ ಸೋರದಂತೆ ಇಡುವ ಪೇಪರ್ ಗ್ಯಾಸ್ಕೆಟ್ಟನ್ನು ಅದೇ ದಪ್ಪದ ಹಾಳೆಯಿಂದ ಕತ್ತರಿಸಬಹುದು. ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ಗ್ಯಾಸ್ಕೆಟ್ ಮಾತ್ರ ಹಾಗೆ ಕತ್ತರಿಸಿ ಹಾಕುವಂಥದ್ದಲ್ಲ. ಪಿಸ್ಟನ್, ರಿಂಗು, ಬ್ರೇಕಿನ ಭಾಗಗಳಿಗೆ ಒಳ್ಳೆಯದಕ್ಕಾಗಿ ಕಾಯಿರಿ, ಇವುಗಳಲ್ಲಿ ಸಿಕ್ಕಿದ್ದನ್ನು ಹಾಕಿಸಿಕೊಳ್ಳಬೇಡಿ.

ಪಾರ್ಟ್ ನೀವೇ ಹುಡುಕಿ ತಂದುಕೊಡುವುದಾದರೆ ಮೊದಲು ಅವರನ್ನು ಕೇಳಿ. ಕೆಲವರಿಗೆ ಅದು ದೊಡ್ಡ ಸಹಾಯ, ಕೆಲವರಿಗೆ ಇಷ್ಟವಾಗುವುದಿಲ್ಲ. ನೀವು ತಂದದ್ದು ಕೂರದಿದ್ದರೆ ಬಿಚ್ಚಿ ಹಾಕಿದ ಕೂಲಿ ಯಾರದ್ದು ಎಂಬುದು ಮುಂಚೆಯೇ ಮಾತಾಗಿರಲಿ. ಅಂಗಡಿಗೆ ಹೋಗುವಾಗ ಹಳೇ ಪಾರ್ಟ್ ಕೈಯಲ್ಲೇ ಇರಲಿ.

ಹೊರಗಿನಿಂದ ಕಾಣದ ಇನ್ನೊಂದು ಬಗೆಯ ತಡ ಇದೆ. ಒಮ್ಮೆ ಒಂದು ಹಳೇ ಗಾಡಿಯ ಸೈಲೆನ್ಸರ್ ಇಳಿಸುತ್ತಿದ್ದೆ. ಹೆಡ್ಡಿನಲ್ಲಿ ಎರಡು ಸ್ಟಡ್ (ತಲೆಯಿಲ್ಲದ ಬೋಲ್ಟು), ನಟ್ಟು ತುಕ್ಕು ಹಿಡಿದು ಕಂದು ಉಂಡೆಯಾಗಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಟ್ಟಿದ್ದೆ. ಬೆಳಿಗ್ಗೆ ಸ್ಪ್ಯಾನರ್ ಇಟ್ಟಾಗ ಮೊದಲನೆಯದು ಕಿರ್ ಎಂದು ತಿರುಗಿತು. ಎರಡನೆಯದು ಇನ್ನೇನು ಬಂತು ಅನ್ನುವಾಗ ಕೈಗೆ ಮೆತ್ತಗಾಯಿತು. ಬಿಗಿ ಬಿಟ್ಟ ಮೆತ್ತಗಲ್ಲ, ಉಕ್ಕು ತಿರುಚುತ್ತಿರುವ ಮೆತ್ತಗೆ. ಮರುಕ್ಷಣ ನಟ್ಟು, ಅದರೊಳಗೆ ಅರ್ಧ ಸ್ಟಡ್ಡು ನೆಲಕ್ಕೆ ಬಿತ್ತು. ಉಳಿದರ್ಧ ಅಲ್ಯೂಮಿನಿಯಂ ಹೆಡ್ಡಿನ ಒಳಗೆ. ಆಮೇಲೆ ಹೆಡ್ ಬಿಸಿ ಮಾಡುವುದು, ಯಾಕೆಂದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಿಡಿತ ಸಡಿಲಾಗಬಹುದು. ಆಗಲಿಲ್ಲ. ನಡುಮಧ್ಯಕ್ಕೆ ಗುರುತು ಮಾಡಿ ಸಣ್ಣ ಡ್ರಿಲ್ಲಿನಿಂದ ಶುರುಮಾಡಿ ಕೊರೆಯುತ್ತಾ ಹೋದೆ. ಸ್ವಲ್ಪ ವಾಲಿದರೂ ಹೆಡ್ಡಿಗೇ ಪೆಟ್ಟು. ಒಂದು ಬೆರಳುದ್ದದ ಸ್ಟಡ್ಡಿಗೆ ಒಂದಿಡೀ ದಿನ ಹೋಯಿತು. ಹಳೇ ಗಾಡಿಯ ಪ್ರತಿ ಸ್ಕ್ರೂ ಹಿಂದೆಯೂ ಇಂಥದ್ದೊಂದು ಅಡಗಿರಬಹುದು. ನಿಮ್ಮ ಗಾಡಿಯಲ್ಲಿ ಹೀಗೇನಾದರೂ ಆಗಿದ್ದು, ಹೇಳಲು ಸಂಕೋಚಪಟ್ಟು ಅವರು ಫೋನ್ ಎತ್ತದೇ ಇರಬಹುದು. 'ಏನಾದರೂ ಮುರಿದಿದ್ದರೆ ಹೇಳಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ' ಅಂತ ನೀವೇ ಮೊದಲು ಅಂದರೆ ಮಾತು ತೆರೆದುಕೊಳ್ಳುತ್ತದೆ.

ಗ್ಯಾರೇಜಿನ ದಿನಚರಿಯನ್ನೂ ಸ್ವಲ್ಪ ಯೋಚಿಸಿ. ಆಯಿಲ್ ಬದಲಾಯಿಸಲು, ಚೈನ್ ಬಿಗಿ ಮಾಡಿಸಲು, ಬ್ರೇಕ್ ಶೂ ಹಾಕಿಸಲು ಜನ ಬರುತ್ತಲೇ ಇರುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಅಲ್ಲೇ ದುಡ್ಡು ಸಿಗುತ್ತದೆ, ಸಂಜೆ ಹುಡುಗರ ಕೂಲಿ ಅದರಿಂದಲೇ. ಬಿಚ್ಚಿಟ್ಟ ಎಂಜಿನ್ ಜಾಗ ತಿನ್ನುತ್ತದೆ, ದುಡ್ಡು ತರುವುದಿಲ್ಲ. ಒಂದು ವಾರ ನಿಂತರೆ ಹಿಂದಕ್ಕೆ ಸರಿಯುತ್ತದೆ. ಮೂರು ವಾರ ನಿಂತರೆ ಅದರ ಮುಂದೆ ಇನ್ನೆರಡು ಗಾಡಿ ನಿಂತಿರುತ್ತವೆ. ಆಮೇಲೆ ಪಾರ್ಟ್ ಬಂದರೂ ಕೂಡಲೇ ಕೈ ಹಾಕಲು ಮನಸ್ಸಾಗುವುದಿಲ್ಲ, ಯಾವ ಬೋಲ್ಟು ಎಲ್ಲಿಯದು, ವಾಷರ್ ಯಾವ ಕಡೆಗಿತ್ತು ಎಂದು ಮತ್ತೆ ಮೊದಲಿಂದ ನೆನೆಸಿಕೊಳ್ಳಬೇಕು. ಹಾಗಾಗಿ ಹೋಗುವುದಾದರೆ ಗಿರಾಕಿಗಳು ಕಡಿಮೆ ಇರುವ ಹೊತ್ತು ನೋಡಿಕೊಂಡು ಹೋಗಿ. ಗಲಾಟೆಯ ಹೊತ್ತಿನಲ್ಲಿ ಹೋದರೆ ಮತ್ತೊಂದು 'ಮುಂದಿನ ವಾರ' ಸಿಗುತ್ತದೆ, ಅಷ್ಟೇ.

ಹೋದಾಗ ಗಾಡಿ ತೋರಿಸಲು ಹೇಳಿ. ಜಗಳದ ದನಿಯಲ್ಲಿ ಬೇಡ, ಆದರೆ ನೋಡದೆ ಬರಬೇಡಿ. ಬ್ಲಾಕ್ ಎಲ್ಲಿದೆ, ಹೆಡ್ ಎಲ್ಲಿದೆ, ಸಣ್ಣ ಸಾಮಾನುಗಳು ಡಬ್ಬಿಯಲ್ಲಿವೆಯೋ ಬೇರೆ ಗಾಡಿಯವುಗಳ ಜೊತೆ ಬೆರೆತಿವೆಯೋ ನೋಡಿ. ಎಲ್ಲದರ ಫೋಟೋ ತೆಗೆದುಕೊಳ್ಳಿ. ಒಂದಷ್ಟು ಪ್ಲಾಸ್ಟಿಕ್ ಚೀಲ, ಒಂದು ಮಾರ್ಕರ್ ಪೆನ್ ಜೊತೆಗೆ ಒಯ್ದು 'ಸಾಮಾನು ಬೇರೆ ಮಾಡಿಡಲು ನಾನೂ ಕೈ ಹಾಕಲಾ?' ಎಂದು ಕೇಳಿ ನೋಡಿ. ಎಷ್ಟೋ ಸಲ ಈ ಒಂದು ಗಂಟೆಯ ಕೆಲಸದಿಂದಲೇ ಗಾಡಿ ಮೂಲೆಯಿಂದ ಮುಂದಕ್ಕೆ ಬಂದದ್ದನ್ನು ನಾನು ಕಂಡಿದ್ದೇನೆ.

ಆಮೇಲೆ ಪೂರ್ತಿ ಮುಗಿಸುವ ದಿನ ಕೇಳಬೇಡಿ, ಮುಂದಿನ ಒಂದೇ ಹೆಜ್ಜೆಗೆ ದಿನ ಗೊತ್ತು ಮಾಡಿಕೊಳ್ಳಿ. ಬಂದ ಸಂಜೆ ಅದನ್ನೇ ಮೆಸೇಜ್ ಮಾಡಿ, ಹೀಗೆ:

'ಅಣ್ಣಾ, ಇವತ್ತು ಮಾತಾಡಿದ್ದು ಇಬ್ಬರಿಗೂ ನೆನಪಿರಲಿ ಅಂತ ಬರೆಯುತ್ತಿದ್ದೇನೆ. ಅಳತೆಯಲ್ಲಿ ಬೇಕು ಅಂತ ಬಂದರೆ ಬೋರ್ ಮಾಡಿಸಲು ನನ್ನ ಒಪ್ಪಿಗೆ ಇದೆ. ಈಗ ಪಿಸ್ಟನ್, ರಿಂಗ್, ವಾಲ್ವ್ ಸೀಲ್, ಗ್ಯಾಸ್ಕೆಟ್ ಸೆಟ್ ಇಷ್ಟೇ. ಗುರುವಾರದೊಳಗೆ ಬ್ಲಾಕ್ ಅಳತೆ ಆಗುತ್ತೆ ಅಂದಿರಿ. ಬೇರೆ ಏನಾದರೂ ಕಂಡರೆ ಫೋಟೋ ಮತ್ತು ರೇಟ್ ಕಳಿಸಿ, ಅವತ್ತೇ ಉತ್ತರ ಕೊಡುತ್ತೇನೆ.'

ಕೊನೆಯ ಸಾಲನ್ನು ಬರೆದರೆ ಸಾಲದು, ನಡೆಸಬೇಕು. ಫೋಟೋ ಬಂದ ದಿನವೇ ಉತ್ತರ ಕೊಡಿ. 'ಹೇಗೂ ಬಿಚ್ಚಿದ್ದೀರಲ್ಲ, ಆ ವೈರಿಂಗೂ ನೋಡಿಬಿಡಿ, ಪೇಂಟೂ ಮಾಡಿಸಿಬಿಡಿ' ಅನ್ನುವ ಆಸೆ ಬರುತ್ತದೆ, ಅದನ್ನು ಈಗ ತಡೆದುಕೊಳ್ಳಿ. ಒಂದೊಂದು 'ಅದನ್ನೂ' ಸೇರಿದಾಗ ಇನ್ನೊಂದು ಕಡೆ ಇನ್ನೊಂದು ಸರದಿ ಹಿಡಿಯಬೇಕಾಗುತ್ತದೆ. ಮೊದಲು ಗಾಡಿ ಓಡಲಿ.

ಗುರುವಾರದೊಳಗೆ ಆಗುತ್ತೆ ಅಂದದ್ದು ಆಯಿತು ಅಂದರೆ ಗಾಡಿ ಅಲ್ಲೇ ಬಿಡಿ. ಸ್ವಲ್ಪ ನಿಧಾನವಾದರೂ ನಡೆಯುತ್ತಿದೆ ಎಂದರ್ಥ. ಆಗಲಿಲ್ಲ, ಆದರೆ ಯಾಕೆ ಅಂತ ಅವರೇ ತಿಳಿಸಿದರು, ಆಗಲೂ ಇನ್ನೊಂದು ಅವಕಾಶ ಕೊಡಬಹುದು. ಆಗಲೂ ಇಲ್ಲ, ಹೇಳಲೂ ಇಲ್ಲ, ಎರಡನೇ ಸಲವೂ ಹಾಗೇ ಆಯಿತು ಅಂದರೆ ಗಾಡಿ ತೆಗೆದುಕೊಂಡು ಬನ್ನಿ. ಆ ಹಂತದಲ್ಲಿ ಮತ್ತೆ ಕಾಯುವುದರಲ್ಲಿ ಅರ್ಥ ಇಲ್ಲ.

ಆದರೆ ಅದಕ್ಕೆ ಮೊದಲು ಹೊಸ ಮೆಕ್ಯಾನಿಕ್ ಒಬ್ಬರನ್ನು ಗೊತ್ತು ಮಾಡಿಕೊಂಡಿರಿ. ಇನ್ನೊಬ್ಬರು ಬಿಚ್ಚಿದ ಎಂಜಿನ್ ಜೋಡಿಸಲು ಬಹಳ ಜನ ಒಪ್ಪುವುದಿಲ್ಲ. ಯಾವ ಸಾಮಾನು ಕಳೆದಿದೆ, ಯಾವುದು ಮೊದಲೇ ಮುರಿದಿತ್ತು ಎಂದು ಅವರಿಗೆ ಗೊತ್ತಾಗುವುದಿಲ್ಲ. ನೀವು ತೆಗೆದ ಫೋಟೋ, ಗುರುತು ಹಾಕಿದ ಚೀಲಗಳು ಆಗ ಬಹಳ ಉಪಯೋಗಕ್ಕೆ ಬರುತ್ತವೆ. ಬಿಚ್ಚಿ ತೊಳೆದ ಕೂಲಿ, ಈಗಾಗಲೇ ತಂದಿರುವ ಪಾರ್ಟಿನ ದುಡ್ಡು ಲೆಕ್ಕ ಹಾಕಿ ಅಡ್ವಾನ್ಸಿನಲ್ಲಿ ಕಳೆದು, ಬರೆಸಿಕೊಂಡು ಮುಗಿಸಿ. ಕೂಲಿ ಬಾಕಿ ಇದ್ದರೆ ಅದು ತೀರುವ ತನಕ ಗಾಡಿ ಇಟ್ಟುಕೊಳ್ಳುವ ಹಕ್ಕನ್ನು ಅನೇಕ ದೇಶಗಳ ಕಾನೂನು ರಿಪೇರಿ ಮಾಡಿದವರಿಗೆ ಕೊಡುತ್ತದೆ, ಹಾಗಾಗಿ ಲೆಕ್ಕ ಮುಗಿಸದೆ ಎಳೆದುಕೊಂಡು ಬರಲು ಹೋಗಬೇಡಿ. ಬ್ಲಾಕ್ ಬೋರಿಂಗಿಗೆ ಹೋಗಿದ್ದರೆ ಅದು ಮೊದಲು ವಾಪಸ್ ಬರಲಿ. ಬದಲಾಯಿಸಿದ ಹಳೇ ಪಾರ್ಟುಗಳನ್ನೂ ಕೇಳಿ ತನ್ನಿ, ಸವೆದ ಪಿಸ್ಟನ್ ಕೂಡ. ಸೈಜು ಹೋಲಿಸಲು ಬೇಕಾಗುತ್ತದೆ.

ಕೆಲಸ ಮತ್ತೆ ಶುರುವಾದ ಮೇಲೆ ಮಾತ್ರ ಅವಸರ ಮಾಡಬೇಡಿ. ಬೋರ್ ಆದ ಬ್ಲಾಕಿನ ಗೋಡೆಗೆ ಹೋನಿಂಗ್ ಮಾಡಿರುತ್ತಾರೆ, ಅಂದರೆ ಸಾಣೆಕಲ್ಲಿನಿಂದ ಉಜ್ಜಿರುತ್ತಾರೆ, ಬೆಳಕಿಗೆ ಹಿಡಿದರೆ ಅಡ್ಡಡ್ಡ ಸಣ್ಣ ಗೀರು ಕಾಣುತ್ತವೆ. ಆ ಗೀರುಗಳಲ್ಲಿ ಹೋನಿಂಗ್ ಕಲ್ಲಿನ ಪುಡಿ ಕೂತಿರುತ್ತದೆ. ಪೆಟ್ರೋಲಿನಲ್ಲಿ ತೊಳೆದರೆ ಅದು ಪೂರ್ತಿ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ ಹಾಕಿ ಉಜ್ಜಬೇಕು. ಒರೆಸಿ, ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಒಳಗೆ ಆಡಿಸಿದರೆ ಬೂದು ಕಲೆ ಬರುತ್ತದೆ. ಮತ್ತೆ ತೊಳೆಯಬೇಕು, ಮತ್ತೆ ಒರೆಸಬೇಕು. ಬಟ್ಟೆ ಬಿಳಿಯಾಗಿಯೇ ಹೊರಬಂದಾಗ ತೊಳೆದದ್ದು ಮುಗಿಯಿತು, ಕೂಡಲೇ ಎಣ್ಣೆ ಸವರಬೇಕು, ಇಲ್ಲದಿದ್ದರೆ ಕಬ್ಬಿಣದ ಮೈ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ. ಗಿರಾಕಿ ಬಾಗಿಲಲ್ಲಿ ನಿಂತಿದ್ದರೆ ಮೊದಲು ಬಿಟ್ಟುಹೋಗುವುದು ಇದೇ ಕೆಲಸ. ಹಾಗೇ ಜೋಡಿಸಿದರೆ ಆ ಪುಡಿ ಹೊಸ ರಿಂಗುಗಳನ್ನು ತಿಂದು ಹಾಕುತ್ತದೆ, ನೀಲಿ ಹೊಗೆ ಬೇಗನೇ ವಾಪಸ್ ಬರುತ್ತದೆ.

ಇನ್ನು, ನಿಂತರೆ ಗಾಡಿ ಹಾಳಾಗುತ್ತದಾ ಅಂತ ಕೇಳಿದ್ದೀರಿ. ಬಿಟ್ಟರೆ ಆಗುತ್ತದೆ, ನೋಡಿಕೊಂಡರೆ ಇಲ್ಲ. ಗ್ಯಾರೇಜಿಗೆ ಹೋದ ದಿನವೇ ಇಷ್ಟು ಮಾಡಿ ಬನ್ನಿ. ಬ್ಲಾಕಿನ ಒಳಗೋಡೆ, ಕ್ರ್ಯಾಂಕಿನ ಬೇರಿಂಗುಗಳಿಗೆ ಎಂಜಿನ್ ಆಯಿಲ್ ಸವರಲು ಹೇಳಿ. ತೆರೆದ ಕ್ರ್ಯಾಂಕ್ ಕೇಸಿನ, ಅಂದರೆ ಎಂಜಿನ್ನಿನ ಕೆಳಭಾಗದ ಪೆಟ್ಟಿಗೆಯ, ಬಾಯಿಗೆ ಶುದ್ಧ ಬಟ್ಟೆ ತುರುಕಿ ಮೇಲೆ ಪ್ಲಾಸ್ಟಿಕ್ ಕಟ್ಟಲಿ, ಒಳಗೆ ಬಿದ್ದ ಒಂದು ವಾಷರ್ ಹುಡುಕಲು ಪೂರ್ತಿ ಎಂಜಿನ್ ಬಿಚ್ಚಬೇಕಾಗುತ್ತದೆ. ಬ್ಯಾಟರಿಯನ್ನು ನೀವೇ ಮನೆಗೆ ತನ್ನಿ. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸುಮ್ಮನಿದ್ದಾಗ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. 12.4ಕ್ಕಿಂತ ಕೆಳಗಿಳಿದರೆ ಚಾರ್ಜ್ ಮಾಡಿ, ಹಾಗೇ ಖಾಲಿ ಬಿಟ್ಟರೆ ಮತ್ತೆ ಚೇತರಿಸಿಕೊಳ್ಳದೇ ಹೋಗಬಹುದು. ಟೈರಿಗೆ ಗಾಳಿ ತುಂಬಿಸಿ, ಗಾಡಿ ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಲಿ.

ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲನ್ನು ಡ್ರೈನ್ ಸ್ಕ್ರೂ ಬಿಚ್ಚಿ ಹರಿಸಿಬಿಡಿ. ಅದು ಒಣಗಿ ಅಂಟಾದರೆ ಐಡಲಿಂಗಿಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ ಕಟ್ಟಿಕೊಳ್ಳುತ್ತದೆ. ಆ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಟ್ಯಾಂಕಿನಲ್ಲಿ ಅರ್ಧಂಬರ್ಧ ಪೆಟ್ರೋಲ್ ಬಿಡಬೇಡಿ, ಖಾಲಿ ಜಾಗದಲ್ಲಿ ತೇವ ಸೇರಿ ಒಳಗೆ ತುಕ್ಕು ಹಿಡಿಯುತ್ತದೆ. ಗ್ಯಾರೇಜಿನಲ್ಲಿ ತುಂಬಿದ ಟ್ಯಾಂಕ್ ಇಡುವುದೂ ಒಳ್ಳೆಯದಲ್ಲ. ಆದ್ದರಿಂದ ಪೂರ್ತಿ ಖಾಲಿ ಮಾಡಿ, ಒಣಗಿಸಿ, ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಎಲ್ಲ ಕಡೆಗೂ ತಾಗುವ ಹಾಗೆ ಅಲುಗಾಡಿಸಿ ಮುಚ್ಚಳ ಹಾಕಿ, ಬ್ಯಾಟರಿ ಜೊತೆ ಅದನ್ನೂ ಮನೆಗೆ ತನ್ನಿ. ಅಪ್ಪನ ಕಾಲದ ಪೇಂಟಿಗೆ ಗೀರು ಬೀಳುವುದೂ ತಪ್ಪುತ್ತದೆ. ಎಂಜಿನ್ ಜೋಡಿಸಿದ ದಿನ ಟ್ಯಾಂಕನ್ನು ಸ್ವಲ್ಪ ಪೆಟ್ರೋಲಿನಲ್ಲಿ ತೊಳೆದು ಚೆಲ್ಲಿ, ಹೊಸ ಪೆಟ್ರೋಲ್ ಹಾಕಿಸಿ ಸ್ಟಾರ್ಟ್ ಮಾಡಲು ಹೇಳಿ. ಮೊದಲ ಕೆಲವು ನಿಮಿಷ ಆ ಎಣ್ಣೆಯಿಂದಲೂ ಜೋಡಿಸುವಾಗ ಸವರಿದ ಎಣ್ಣೆಯಿಂದಲೂ ಸ್ವಲ್ಪ ಹೊಗೆ ಬರುತ್ತದೆ, ಅದಕ್ಕೆ ಹೆದರಬೇಡಿ.